ಹರಿಹರದ ಗುಡಿ, ಎಂ.ಎ. ಅರ್ಜಿ

‘ಸರ್, ಹಳೇ ಗುಡಿ ಶಿಲ್ಪದ ಮ್ಯಾಲೆ ಎಂ.ಎ. ಮಾಡ್ಬೇಕಂತದೀನಿ, ಎಲ್ಲಿ ಸೇರ್ಕೊಳ್ಳಲಿ?’ ಎಂದು ಕೇಳಿದವಳು ನಮ್ಮ ಭಾನುವಳ್ಳಿಯ ಹುಡುಗಿ. ಫೀಸೆಷ್ಟು, ಹಾಸ್ಟೆಲ್ ಸಿಗುತ್ತದೆಯೇ, ನೆಟ್ ಪರೀಕ್ಷೆಗೆ ಅನುಕೂಲವೇ, ಎಲ್ಲ ಆಗಲೇ ವಿಚಾರಿಸಿಕೊಂಡಿದ್ದಳು. ನಾವು ಕೋರ್ಸು ಆರಿಸುವುದೇ ಹೀಗೆ. ತಪ್ಪೆನ್ನಲಾರೆ, ಆದರೆ ಇಷ್ಟೇ ಸಾಲದು, ಗುಡಿಯನ್ನು ಓದಲು ಏನೇನು ಕಲಿಸುತ್ತಾರೆ ಎಂದೂ ಕೇಳಬೇಕು.

ಹರಿಹರೇಶ್ವರನ ಗುಡಿಯನ್ನೇ ನೋಡಿ. 1223-24ರಲ್ಲಿ ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. 1268ರಲ್ಲಿ ಸೋಮ ದಂಡನಾಯಕ ಇನ್ನಷ್ಟು ಸೇರಿಸಿದ. ಹೊಯ್ಸಳ ಎಂದರೆ ಗೋಡೆ ತುಂಬ ಕೆತ್ತನೆ ಎಂದು ಪಾಠ ಒಪ್ಪಿಸುವವರಿಗೆ ಇಲ್ಲಿ ನಿರಾಸೆ. ಸೊಗಸಿರುವುದು ಮಂಟಪದಲ್ಲಿ: ಮೂಲೆಮೂಲೆಯಾಗಿ ಒಳಸರಿದು ಹೊರಚಾಚುವ ತಳವಿನ್ಯಾಸ, ಅಂಚಿನ ಗಿಡ್ಡ ಗೋಡೆಯ ಮೇಲೆ ನಿಂತ ಅರೆಗಂಬಗಳು, ತಿರುಗಣೆಯಲ್ಲಿ ಕಡೆದ ಅವುಗಳ ನುಣುಪು. ಒಳಗೆ ದೇವರು ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಕಟ್ಟಿಸಿದವನ ಹೆಸರು ಹೇಳುವುದು ಶಾಸನ. ಕಂಬ ಯಾಕೆ ಅಲ್ಲಿ ಗಿಡ್ಡವಾಯಿತು ಎಂದು ಹೇಳಬೇಕಾದದ್ದು ಕಣ್ಣು.

ನಮ್ಮ ವಿಶ್ವವಿದ್ಯಾಲಯಗಳು ಈ ಎರಡನ್ನೂ ಬೇರೆ ಬೇರೆ ಕೋಣೆಗೆ ಹಾಕಿವೆ. ಧಾರವಾಡ, ಮೈಸೂರು, ಹಂಪಿಯಲ್ಲಿ ಗುಡಿ ಬರುವುದು ಪ್ರಾಚೀನ ಇತಿಹಾಸದ ವಿಭಾಗಕ್ಕೆ. ಬರೋಡದಲ್ಲಿ ಕಲಾ ಇತಿಹಾಸ ಲಲಿತಕಲೆಯ ನೆರಳಲ್ಲಿದೆ. ದಾವಣಗೆರೆಯಲ್ಲೇ 1964ರಿಂದ ದೃಶ್ಯಕಲಾ ಕಾಲೇಜಿದೆ. ಅಲ್ಲಿ ಕೈ ಪಳಗುತ್ತದೆ, ಶಾಸನದ ಲಿಪಿಗೆ ಬೇರೆ ಗುರುವನ್ನೇ ಹುಡುಕಬೇಕು. ಯುರೋಪಿನ ಮಧ್ಯಯುಗದ ಚರ್ಚುಗಳನ್ನು ಓದುವವರಿಗೆ ಲ್ಯಾಟಿನ್ ಇಲ್ಲದೆ ನಡೆಯದು. ನಮಗೆ ಹಳಗನ್ನಡ ಇಲ್ಲದೆ ಹೇಗೆ ನಡೆದೀತು? ಹೊಯ್ಸಳರ ರೂವಾರಿಗಳು ವಿಗ್ರಹದ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ಸೋಮನಾಥಪುರದ ಮಲ್ಲಿತಮ್ಮನನ್ನು ಗುರುತಿಸಿದ್ದು ಆ ಅಕ್ಷರಗಳಿಂದಲೇ. ಓದಲು ಬಾರದವರಿಗೆ ಅವು ಬರೀ ಗೀರು.

ಶಾಸನ, ಶಿಲ್ಪ ಎರಡನ್ನೂ ಒಂದೇ ಮೇಜಿಗೆ ತಂದವರು ಇತಿಹಾಸಕಾರ ಷ. ಶೆಟ್ಟರ್. ಅವರು ಹುಟ್ಟಿದ್ದು ಹಂಪಸಾಗರದಲ್ಲಿ, ಪಾಠ ಹೇಳಿದ್ದು ಧಾರವಾಡದಲ್ಲಿ. ದೂರದ ದೊಡ್ಡ ಹೆಸರಿಗೆ ಮರುಳಾಗುವವರು ಇದನ್ನು ಮರೆಯುತ್ತಾರೆ. ಹಾಗಾಗಿ ನಾನು ಮೊದಲು ಶಾಸನ, ಆಮೇಲೆ ಶಿಲ್ಪ ಎನ್ನುವವನು: ಎಂ.ಎ. ಧಾರವಾಡದಲ್ಲಿ ಮುಗಿಸಿ, ಸಂಶೋಧನೆಗೆ ಬರೋಡಕ್ಕೆ ಹೋಗಲಿ. ಲಿಪಿಯನ್ನು ಎಳೆ ವಯಸ್ಸಲ್ಲಿ ಕಲಿಯದಿದ್ದರೆ ಆಮೇಲೆ ಕಲಿಯುವವರು ಕಡಿಮೆ.

ಅರ್ಜಿ ಹಾಕುವ ಮುಂಚೆ ಸಿಲಬಸ್ಸು ತರಿಸಿ ನೋಡಮ್ಮ ಎಂದೆ: ಶಾಸನದ ಅಚ್ಚು ತೆಗೆಯಲು ಕಲಿಸುತ್ತಾರೋ, ಗುಡಿಯ ನಕ್ಷೆ ಅಳೆದು ಬರೆಸುತ್ತಾರೋ? 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹೊಯ್ಸಳ ತಾಣಗಳು ಮೂರು, ಬೇಲೂರು, ಹಳೇಬೀಡು, ಸೋಮನಾಥಪುರ. ಹರಿಹರ ಅದರಲ್ಲಿಲ್ಲ. ಪ್ರಬಂಧಕ್ಕೆ ವಿಷಯ ಬೇಕಿದ್ದರೆ ಹರಿಹರದ ಬಸ್ಸು ಹತ್ತಿದರಾಯಿತು.