ಮನೆಯ ಮೆಶ್ ವೈಫೈ: ಹೆಸರಿನಲ್ಲಿ ಬಲೆ, ಕೆಲಸದಲ್ಲಿ ಸರಪಳಿ

ನಿಮ್ಮ ಮನೆಯ ಹಜಾರದಲ್ಲಿ ವೈಫೈ ಚೆನ್ನಾಗಿ ಬರುತ್ತದೆ. ಅಡುಗೆಮನೆ ದಾಟಿ ಹಿಂದಿನ ಕೋಣೆಗೆ ಹೋದರೆ ಪಾಠದ ವಿಡಿಯೊ ನಿಂತು ನಿಂತು ಬರುತ್ತದೆ. ಮಹಡಿಯ ಮೇಲೆ ಅದೂ ಇಲ್ಲ. ಅಂಗಡಿಯಲ್ಲಿ ವಿಚಾರಿಸಿದರೆ ‘ಮೆಶ್ ಹಾಕಿಸಿಬಿಡಿ ಸಾರ್, ಮನೆಯೆಲ್ಲಾ ಒಂದೇ ಸ್ಪೀಡು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎರಡೋ ಮೂರೋ ಪುಟ್ಟ ಪೆಟ್ಟಿಗೆಗಳಿಗೆ ಸಾವಿರಾರು ರೂಪಾಯಿ ತೆರುವ ಮೊದಲು ಈ ಮಾತಿನಲ್ಲಿ ನಿಜವೆಷ್ಟು ಎಂದು ಪರೀಕ್ಷಿಸುವುದು ವಿಜ್ಞಾನ ಕಲಿಸುವವರಿಗೂ ಕಲಿಯುವವರಿಗೂ ಒಪ್ಪುವ ಕೆಲಸ.

ನಾನು ಈ ಪರೀಕ್ಷೆಯನ್ನು ಹಣ ತೆತ್ತ ಮೇಲೆ ಮಾಡಿದೆ. ಮೂರು ಪೆಟ್ಟಿಗೆಗಳ ಒಂದು ಮೆಶ್ ಕೊಂಡು, ಮೊಬೈಲಿನ ಆ್ಯಪ್ ಹೇಳಿದಂತೆ ಜೋಡಿಸಿದೆ. ಸಂಪರ್ಕ ಬೇಕಾಗಿದ್ದುದು ಹಿಂದಿನ ಕೋಣೆಯಲ್ಲಿ. ಆದ್ದರಿಂದ ಒಂದು ಪೆಟ್ಟಿಗೆಯನ್ನು ಅದೇ ಕೋಣೆಯ ಮೇಜಿನ ಮೇಲಿಟ್ಟೆ. ಮೊಬೈಲಿನಲ್ಲಿ ಸಿಗ್ನಲ್ ಗೆರೆಗಳು ಪೂರ್ತಿ ಮೂಡಿದವು. ವಿಡಿಯೊ ಮಾತ್ರ ಮೊದಲಿನಂತೆಯೇ ತಡವರಿಸಿತು. ಗೆರೆಗಳೆಲ್ಲ ತುಂಬಿದ್ದರೂ ವೇಗವಿಲ್ಲ! ಇದು ಹೇಗೆ ಸಾಧ್ಯ?

ಬಲೆ ಎಂದರೆ ಯಾವುದು?

ಮೆಶ್ ಎಂದರೆ ಬಲೆ. ಬಲೆಯ ಒಂದು ಎಳೆ ಹರಿದರೂ ಉಳಿದ ಎಳೆಗಳು ಭಾರವನ್ನು ಹೊರುತ್ತವೆ. ನಿಸ್ತಂತು ಜಾಲದಲ್ಲಿ ಈ ಕಲ್ಪನೆ ನಿಜವಾಗಿಯೂ ಬೆಳೆದದ್ದು ಮನೆಯೊಳಗಲ್ಲ, ಊರಿನ ಮೇಲೆ. 2000ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ಕೇಂಬ್ರಿಜ್ ಪಟ್ಟಣದ ಮನೆಗಳ ಮಾಡಿನ ಮೇಲೆ ಆಂಟೆನಾಗಳನ್ನಿಟ್ಟು ‘ರೂಫ್‌ನೆಟ್’ ಎಂಬ ಜಾಲವನ್ನು ಕಟ್ಟಿದರು. ಪ್ರತಿ ಮನೆಯೂ ನೆರೆಯ ಹಲವು ಮನೆಗಳೊಡನೆ ಮಾತನಾಡುತ್ತಿತ್ತು. ಒಂದು ದಾರಿ ಕೆಟ್ಟರೆ ಮಾಹಿತಿ ಇನ್ನೊಂದು ದಾರಿ ಹಿಡಿಯುತ್ತಿತ್ತು. ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಲೂ ಜನಸ್ತು ಸಂಸ್ಥೆಯವರು ಊರವರೊಡನೆ ಕೂಡಿ ಇಂತಹ ಸಮುದಾಯ ಜಾಲದ ಪ್ರಯೋಗ ನಡೆಸಿದ್ದಾರೆ.

ಶಾಲಾ ಮಕ್ಕಳಿಗಾಗಿ 2007ರಲ್ಲಿ ತಯಾರಾದ ಎಕ್ಸ್‌ಒ ಲ್ಯಾಪ್‌ಟಾಪಿನಲ್ಲಿಯೂ ಮೆಶ್ ಇತ್ತು. ದೂರ ದೂರದಲ್ಲಿ ಚದುರಿದ ಕೆಲವು ಯಂತ್ರಗಳಿಗೆ ಅದು ಒಪ್ಪುತ್ತಿತ್ತು. ಆದರೆ ಒಂದೇ ತರಗತಿಯಲ್ಲಿ ಹತ್ತಾರು ಯಂತ್ರಗಳು ಸೇರಿದಾಗ ಒಂದರ ಮಾತಿಗೆ ಇನ್ನೊಂದರ ಮಾತು ಅಡ್ಡಬಂದು ಜಾಲ ಸೊರಗುತ್ತಿತ್ತು. ಈ ಅನುಭವವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಮೆಶ್ ಕುರಿತ 802.11 ಎಸ್ ಎಂಬ ಮಾನಕ ಅಂತಿಮವಾಗಿ ಪ್ರಕಟವಾದದ್ದು 2011ರಲ್ಲಿ. ಮನೆಗೆಂದೇ ಮಾಡಿದ ಮೆಶ್ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ಹೆಸರು ಮಾಡಿದ್ದು 2016ರಿಂದೀಚೆಗೆ.

ಈಗ ನಿಮ್ಮ ಮನೆಯ ಮೂರು ಪೆಟ್ಟಿಗೆಗಳನ್ನು ನೋಡಿ. ಇಂಟರ್ನೆಟ್ ಬರುವುದು ಮೊದಲನೆಯದಕ್ಕೆ ಮಾತ್ರ. ಎರಡನೆಯದು ಅದರಿಂದ ಪಡೆಯುತ್ತದೆ, ಮೂರನೆಯದು ಬಹುಮಟ್ಟಿಗೆ ಎರಡನೆಯದರಿಂದ. ಉದ್ದನೆಯ ಮನೆಯಲ್ಲಿ ಇದು ಬಲೆಯಲ್ಲ, ಸರಪಳಿ. ನಡುವಿನ ಪೆಟ್ಟಿಗೆಯ ಕರೆಂಟು ಹೋದರೆ ಕೊನೆಯದಕ್ಕೆ ಬೇರೆ ದಾರಿ ಇರುವುದಿಲ್ಲ. ಮೊದಲ ಪೆಟ್ಟಿಗೆಗೆ ಮಾತ್ರ ಯುಪಿಎಸ್ ಕೊಟ್ಟು ಉಳಿದವನ್ನು ಮರೆತ ಮನೆಗಳಲ್ಲಿ ಇದು ವಿದ್ಯುತ್ ಕಡಿತವಾದ ದಿನವೇ ತಿಳಿಯುತ್ತದೆ.

ಒಂದೇ ಗಾಳಿ, ಸರದಿಯ ಮಾತು

ವೈಫೈ ರೇಡಿಯೊ ಒಂದು ಚಾನೆಲ್‌ನಲ್ಲಿ ಮಾತನಾಡುತ್ತಿರುವಾಗ ಅದೇ ಚಾನೆಲ್‌ನಲ್ಲಿ ಕೇಳಿಸಿಕೊಳ್ಳಲಾರದು. ಹತ್ತಿರದಲ್ಲಿರುವ ಇತರ ರೇಡಿಯೊಗಳೂ ಆ ಹೊತ್ತು ಸುಮ್ಮನಿರಬೇಕು. ತರಗತಿಯಲ್ಲಿ ನೀವು ಮುಂದಿನ ಬೆಂಚಿನವನಿಗೆ ಹೇಳಿದ ವಾಕ್ಯವನ್ನು ಅವನು ಕೊನೆಯ ಬೆಂಚಿಗೆ ದಾಟಿಸಬೇಕೆಂದುಕೊಳ್ಳಿ. ನೀವು ಹೇಳುವಾಗ ಅವನು ಸುಮ್ಮನಿರಬೇಕು, ಅವನು ಹೇಳುವಾಗ ನೀವು ಸುಮ್ಮನಿರಬೇಕು. ಒಂದು ವಾಕ್ಯಕ್ಕೆ ಎರಡು ವಾಕ್ಯಗಳ ಸಮಯ ಬೇಕು.

ಇದನ್ನು ಲೆಕ್ಕದಲ್ಲಿ ಹೇಳೋಣ. ಮೊದಲ ಕೊಂಡಿಯ ವೇಗ ವೇ1, ಎರಡನೆಯದರ ವೇಗ ವೇ2 ಆದರೆ ಒಟ್ಟು ವೇಗ ‘ವೇ’ಗೆ ಸಂಬಂಧ ಹೀಗೆ: 1/ವೇ = 1/ವೇ1 + 1/ವೇ2. ಸಮಾಂತರವಾಗಿ ಜೋಡಿಸಿದ ರೋಧಕಗಳ ಸೂತ್ರದ ರೂಪವೇ ಇದು. ಇಲ್ಲಿ ಕೂಡುತ್ತಿರುವುದು ಪ್ರತಿ ಕೊಂಡಿಯಲ್ಲಿ ಒಂದು ಬಿಟ್ ದಾಟಲು ಹಿಡಿಯುವ ಸಮಯ.

ನನ್ನ ಹಿಂದಿನ ಕೋಣೆಯ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಪೆಟ್ಟಿಗೆ ನಿಮ್ಮ ಪಕ್ಕದಲ್ಲಿದೆ, ಆ ಕೊಂಡಿಯ ವೇಗ ಸೆಕೆಂಡಿಗೆ 300 ಮೆಗಾಬಿಟ್. ಆದರೆ ರೂಟರಿನಿಂದ ಪೆಟ್ಟಿಗೆಗೆ ಎರಡು ದಪ್ಪ ಗೋಡೆಗಳು ಅಡ್ಡ, ಆ ಕೊಂಡಿಯ ವೇಗ 30. ಸೂತ್ರದಂತೆ ನಿಮಗೆ ಸಿಗುವುದು ಸುಮಾರು 27. ಅದೇ ಪೆಟ್ಟಿಗೆಯನ್ನು ನಡುದಾರಿಗೆ ಸರಿಸಿ ಎರಡೂ ಕೊಂಡಿಗಳ ವೇಗ 150 ಆಯಿತೆನ್ನಿ, ಆಗ ಸಿಗುವುದು 75. ನಿಮ್ಮ ಮೊಬೈಲಿನ ಗೆರೆಗಳು ಹೇಳುವುದು ಕೊನೆಯ ಕೊಂಡಿಯ ಸುದ್ದಿ ಮಾತ್ರ. ಹಿಂದಿನ ಕೊಂಡಿ ಸತ್ತಿದ್ದರೂ ಅವು ತುಂಬಿಕೊಂಡೇ ಇರುತ್ತವೆ.

ಹೆಚ್ಚು ಪೆಟ್ಟಿಗೆ ಇಟ್ಟರೆ ಹೆಚ್ಚು ವೇಗ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಒಂದೇ ಚಾನೆಲ್‌ನಲ್ಲಿ ಮೂರು ಸಮಾನ ಕೊಂಡಿಗಳಿದ್ದರೆ ಉಳಿಯುವುದು ಮೂರರಲ್ಲೊಂದು ಪಾಲು. ನಿಸ್ತಂತು ಜಾಲದಲ್ಲಿ ಕೇಂದ್ರಗಳ ಸಂಖ್ಯೆ ಬೆಳೆದಂತೆ ಪ್ರತಿಯೊಂದಕ್ಕೂ ದಕ್ಕುವ ಪಾಲು ಇಳಿಯುತ್ತದೆ ಎಂದು ಪಿಯೂಷ್ ಗುಪ್ತ ಮತ್ತು ಪಿ.ಆರ್. ಕುಮಾರ್ 2000ದಲ್ಲಿ ಗಣಿತದಿಂದಲೇ ತೋರಿಸಿದ್ದರು. ಎಕ್ಸ್‌ಒ ತರಗತಿಯ ಅನುಭವವೂ ಇದೇ ಜಾತಿಯದು. ಪೆಟ್ಟಿಗೆಗಳ ನಡುವಿನ ಮಾತಿಗೆ ಪ್ರತ್ಯೇಕ ರೇಡಿಯೊ ಇರುವ ಮಾದರಿಗಳಲ್ಲಿ ಈ ನಷ್ಟ ಬಹಳ ಕಡಿಮೆ, ಬೆಲೆ ಮಾತ್ರ ಹೆಚ್ಚು. ಕಡಿಮೆ ಬೆಲೆಯ ಪೆಟ್ಟಿಗೆಯ ಜಾಹೀರಾತು ಈ ವ್ಯತ್ಯಾಸವನ್ನು ಹೇಳದೆ ‘ಮೆಶ್’ ಎಂಬ ಒಂದೇ ಪದದಡಿ ಎರಡನ್ನೂ ಮಾರುತ್ತದೆ. ನನ್ನ ಮೊದಲ ಆಕ್ಷೇಪ ಇದೇ.

ಪೆಟ್ಟಿಗೆಯ ಮೇಲಿನ ಸಂಖ್ಯೆ

ಎರಡನೆಯ ಆಕ್ಷೇಪ, ದೊಡ್ಡ ಅಕ್ಷರದ ಅಂಕಿಯ ಬಗ್ಗೆ. ‘ಎಎಕ್ಸ್ 1800’ ಎಂದರೆ ನಿಮಗೆ 1800 ಮೆಗಾಬಿಟ್ ಸಿಗುತ್ತದೆ ಎಂದಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯ ಗರಿಷ್ಠ 574ನ್ನೂ 5 ಗಿಗಾಹರ್ಟ್ಸ್ ಪಟ್ಟಿಯ ಗರಿಷ್ಠ 1201ನ್ನೂ ಕೂಡಿ, ಬಂದ 1775ನ್ನು ಮೇಲಕ್ಕೆ ಪೂರ್ಣಗೊಳಿಸಿದರೆ 1800. ನಿಮ್ಮ ಮೊಬೈಲು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಪಟ್ಟಿಯನ್ನು ಬಳಸುತ್ತದೆ. ಇಬ್ಬರು ವಿದ್ಯಾರ್ಥಿಗಳ ಅಂಕಗಳನ್ನು ಕೂಡಿ ಒಬ್ಬನ ಅಂಕಪಟ್ಟಿಯಲ್ಲಿ ಬರೆದಂತಾಯಿತು! ಇನ್ನು ನಿಮ್ಮ ಇಂಟರ್ನೆಟ್ ಯೋಜನೆಯೇ 100 ಮೆಗಾಬಿಟ್ಟಿನದಾದರೆ ಯಾವ ಪೆಟ್ಟಿಗೆಯೂ ಅದನ್ನು 101 ಮಾಡಲಾರದು.

ಅಳೆಯಿರಿ, ಆಮೇಲೆ ಕೊಳ್ಳಿರಿ

ಆಂಡ್ರಾಯ್ಡ್ ಮೊಬೈಲಿನಲ್ಲಿ ವೈಫೈ ಸಿಗ್ನಲ್ಲನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುವ ಉಚಿತ ಆ್ಯಪ್‌ಗಳಿವೆ. 0 ಡಿಬಿಎಂ ಎಂದರೆ 1 ಮಿಲಿವ್ಯಾಟ್. ಅಂಕಿ 10 ಇಳಿದರೆ ಸಾಮರ್ಥ್ಯ ಹತ್ತು ಪಟ್ಟು ಕುಗ್ಗಿದೆ ಎಂದರ್ಥ. ವಿಡಿಯೊ ಕರೆಗೆ ನೆಮ್ಮದಿಯ ಮಟ್ಟವೆಂದು ತಂತ್ರಜ್ಞರು ಹೇಳುವುದು ಸುಮಾರು −67. ಇದು ಒಂದು ವ್ಯಾಟ್‌ನ 500 ಕೋಟಿ ಭಾಗಗಳಲ್ಲಿ ಒಂದು ಭಾಗ!

ವಿದ್ಯಾರ್ಥಿಗಳೊಡನೆ ಒಂದು ಪ್ರಯೋಗ ಮಾಡಿ. ಶಾಲೆಯ ಮೈದಾನದಲ್ಲಿ ರೂಟರಿನಿಂದ 1, 2, 4, 8 ಮೀಟರ್ ದೂರದಲ್ಲಿ ನಿಂತು ಅಂಕಿಗಳನ್ನು ಬರೆದುಕೊಳ್ಳಿ. ವಿಲೋಮ ವರ್ಗ ನಿಯಮದಂತೆ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯಬೇಕು. ಪ್ರತಿ ಜಾಗದಲ್ಲಿ ಹಲವು ಸಲ ಅಳೆದು ಸರಾಸರಿ ತೆಗೆಯಿರಿ, ಏಕೆಂದರೆ ನೆಲದಿಂದ ಪ್ರತಿಫಲಿಸಿದ ಅಲೆಗಳು ಅಂಕಿಯನ್ನು ಅಲುಗಿಸುತ್ತವೆ. ಬಳಿಕ ಇದನ್ನೇ ಕಟ್ಟಡದೊಳಗೆ ಮಾಡಿ. ಒಂದು ಗೋಡೆಯ ಈಚೆ ಮತ್ತು ಆಚೆ ಅಳೆದರೆ ಆ ಗೋಡೆ ನುಂಗಿದ್ದೆಷ್ಟು ಎಂಬುದು ಕೈಗೆ ಸಿಗುತ್ತದೆ. 2.4 ಗಿಗಾಹರ್ಟ್ಸ್ ಅಲೆಯ ತರಂಗದೂರ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6. ದಪ್ಪ ಗೋಡೆ, ಕಾಂಕ್ರೀಟ್ ತಾರಸಿಗಳನ್ನು ದಾಟುವಾಗ ಎರಡನೆಯದು ಹೆಚ್ಚು ಬಳಲುವುದನ್ನು ಮಕ್ಕಳು ತಾವೇ ಕಾಣುತ್ತಾರೆ.

ಮನೆಯ ನಕ್ಷೆಯೊಂದನ್ನು ಚೌಕದ ಹಾಳೆಯಲ್ಲಿ ಬರೆದು ಪ್ರತಿ ಕೋಣೆಯ ಅಂಕಿಯನ್ನು ತುಂಬಿದರೆ ಮುಂದಿನ ನಿರ್ಧಾರ ಸುಲಭ. ಮೊದಲು ರೂಟರನ್ನು ಟಿವಿಯ ಹಿಂದಿನಿಂದ, ಕಬ್ಬಿಣದ ಬೀರುವಿನ ಪಕ್ಕದಿಂದ ಬಿಡಿಸಿ ಮನೆಯ ನಡುವೆ ಎತ್ತರದಲ್ಲಿಟ್ಟು ಮತ್ತೆ ಅಳೆಯಿರಿ. ಅದಕ್ಕೆ ಖರ್ಚಿಲ್ಲ. ಸಾಲದಿದ್ದರೆ ಮೆಶ್ ಯೋಚಿಸಿ. ಆದರೆ ಪೆಟ್ಟಿಗೆಗಳ ನಡುವೆ ಒಂದು ಕೇಬಲ್ ಎಳೆಯಲು ಸಾಧ್ಯವೇ ಎಂದು ಮೊದಲು ನೋಡಿ. ಸಾಮಾನ್ಯ ಕ್ಯಾಟ್ 5ಇ ಕೇಬಲ್ ಸೆಕೆಂಡಿಗೆ 1000 ಮೆಗಾಬಿಟ್‌ಗಳನ್ನು 100 ಮೀಟರ್ ಒಯ್ಯುತ್ತದೆ, ಗೋಡೆಗೆ ಹೆದರುವುದಿಲ್ಲ, ಸರದಿಯನ್ನೂ ಕಾಯುವುದಿಲ್ಲ. ಕೇಬಲ್ ಆಗದಿದ್ದರೆ ಪೆಟ್ಟಿಗೆಯನ್ನು ಸಿಗ್ನಲ್ ಇಲ್ಲದ ಜಾಗದಲ್ಲಲ್ಲ, ಇನ್ನೂ ಚೆನ್ನಾಗಿರುವ ಜಾಗದ ಕೊನೆಯಲ್ಲಿ ಇಡಿ. ನಿಮ್ಮ ಮೊಬೈಲಿಗೆ ಕೇಳದ ಕಡೆ ಪೆಟ್ಟಿಗೆಗೂ ಸರಿಯಾಗಿ ಕೇಳದು.

ಇನ್ನೊಂದು ಎಚ್ಚರ. ಇಂಟರ್ನೆಟ್ ಸಂಪರ್ಕದೊಡನೆ ಬಂದ ಪೆಟ್ಟಿಗೆಯೇ ಸಾಮಾನ್ಯವಾಗಿ ಒಂದು ರೂಟರ್. ಮೆಶ್‌ನ ಮೊದಲ ಪೆಟ್ಟಿಗೆಯೂ ರೂಟರ್ ಆಗಿ ನಿಂತರೆ ಮನೆಯಲ್ಲಿ ಎರಡು ಬೇರೆ ಬೇರೆ ಜಾಲಗಳಾಗುತ್ತವೆ. ಒಂದರಲ್ಲಿರುವ ಪ್ರಿಂಟರ್ ಇನ್ನೊಂದಕ್ಕೆ ಕಾಣದೆ ಹೋಗಬಹುದು. ಎರಡರಲ್ಲೊಂದನ್ನು ಬ್ರಿಡ್ಜ್ ಅಥವಾ ಆಕ್ಸೆಸ್ ಪಾಯಿಂಟ್ ಸ್ಥಿತಿಗೆ ಬದಲಿಸಿ, ಹಳೆಯ ಪೆಟ್ಟಿಗೆಯ ವೈಫೈಯನ್ನು ಆರಿಸಿಬಿಡಿ.

ಗುಣವನ್ನೂ ಹೇಳಬೇಕು

ಮೆಶ್ ವ್ಯರ್ಥ ಎಂದು ನನ್ನ ಅಭಿಪ್ರಾಯವಲ್ಲ. ಮನೆಯೆಲ್ಲಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ. ನಡೆದಾಡುವಾಗ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಂಪರ್ಕ ದಾಟುವ ಸೌಲಭ್ಯ. ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಅನುಕೂಲ. ಯಾವ ಪೆಟ್ಟಿಗೆಗೆ ಅಂಟಿಕೊಳ್ಳಬೇಕೆಂಬ ಕೊನೆಯ ತೀರ್ಮಾನ ಮೊಬೈಲಿನದೇ ಆದರೂ ಒಳ್ಳೆಯ ಮೆಶ್ ಅದಕ್ಕೆ ಸರಿಯಾದ ಸುಳಿವು ಕೊಡುತ್ತದೆ. ಗೋಡೆ ಕೊರೆಯಲಾಗದ ಬಾಡಿಗೆ ಮನೆಗಳಿಗೆ ಇದು ದೊಡ್ಡ ಉಪಕಾರ. ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳು ಒಂದಾಗಲೆಂದು 2018ರಲ್ಲಿ ‘ಈಸಿಮೆಶ್’ ಎಂಬ ಮಾನಕವೂ ಬಂದಿದೆ. ಕೊಳ್ಳುವಾಗ ಅದಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಮುಂದೆ ಒಂದು ಪೆಟ್ಟಿಗೆ ಕೆಟ್ಟರೂ ಅದೇ ಕಂಪನಿಯ ಬಾಗಿಲಿಗೆ ಹೋಗಬೇಕಾದೀತು.

ಕಡೆಗೆ ನನ್ನ ಮನೆಯಲ್ಲಿ ಆದದ್ದು ಇಷ್ಟೆ. ಹಿಂದಿನ ಕೋಣೆಯ ಪೆಟ್ಟಿಗೆ ಅಡುಗೆಮನೆಯ ಬಾಗಿಲ ಬಳಿಗೆ ಬಂತು, ವಿಡಿಯೊ ಸರಾಗವಾಯಿತು. ಮಹಡಿಗೆ ಮೆಟ್ಟಿಲ ಪಕ್ಕದಲ್ಲಿ ಒಂದು ಕೇಬಲ್ ಎಳೆದೆ. ಮೂರನೆಯ ಪೆಟ್ಟಿಗೆ ಬೇಕೇ ಆಗಲಿಲ್ಲ, ಕಪಾಟಿನಲ್ಲಿದೆ. ಅಳೆಯುವ ಕೆಲಸವನ್ನು ಕೊಳ್ಳುವ ಮೊದಲೇ ಮಾಡಿದ್ದರೆ ಅದರ ಹಣ ಉಳಿಯುತ್ತಿತ್ತು. ನಿಮ್ಮ ಹಣವಾದರೂ ಉಳಿಯಲಿ.