ಕೌಶಲದ ಪಟ್ಟಿ ಮತ್ತು ಕೇರಿಯ ಮಕ್ಕಳು

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ಉದ್ದನೆಯ ಪಟ್ಟಿ ಇದೆ. ಶಾಲೆಯಲ್ಲಿ ಪ್ರತಿ ಮಗುವೂ ಕಲಿಯಲೇಬೇಕಾದ ಗುಣ, ಕೌಶಲಗಳ ಪಟ್ಟಿ ಅದು. ವೈಜ್ಞಾನಿಕ ಮನೋಭಾವ, ಸೃಜನಶೀಲತೆ, ತರ್ಕ, ಕೂಡಿ ದುಡಿಯುವ ಗುಣ, ಕಂಪ್ಯೂಟರ್ ಜ್ಞಾನ, ಶುಚಿತ್ವ. ಯಾರು ತಾನೇ ಬೇಡ ಅಂತಾರೆ? ಸಂವಿಧಾನದ ಮೌಲ್ಯಗಳೂ ಇವೆ, ಮೂಲಭೂತ ಕರ್ತವ್ಯಗಳೂ ಇವೆ. ಮೂಲಭೂತ ಹಕ್ಕುಗಳನ್ನು ಹುಡುಕಿದೆವು, ಆ ಪಟ್ಟಿಯಲ್ಲಿ ಸಿಗಲಿಲ್ಲ. ಕರ್ತವ್ಯಗಳು ಸಂವಿಧಾನದೊಳಕ್ಕೆ ಬಂದದ್ದೇ 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ ಅನ್ನೋದನ್ನು ನಮ್ಮ ಮೇಷ್ಟ್ರುಗಳು ಮರೆತಿರಲಾರರು.

ಏನೋ ಬಿಟ್ಟುಹೋಗಿದೆ ಅಂತ ಸುಮ್ಮನಿರಬಹುದಿತ್ತು. ಆದರೆ ಅದೇ ನೀತಿ, ಆರರಿಂದ ಎಂಟನೇ ತರಗತಿಯ ನಡುವೆ ಮಕ್ಕಳು ಹತ್ತು ದಿನ ಪುಸ್ತಕದ ಚೀಲ ಬಿಟ್ಟು ಬಡಗಿ, ತೋಟಗಾರ, ಕುಂಬಾರ, ಕಲಾವಿದ ಮುಂತಾದವರ ಹತ್ತಿರ ಕೆಲಸ ಕಲೀಬೇಕು ಅನ್ನುತ್ತೆ. ದುಡಿಮೆಗೆ ಗೌರವ ಬರಲಿ ಅನ್ನೋದು ಉದ್ದೇಶವಂತೆ. ದುಡಿಮೆಯನ್ನು ಹೀಗಳೆಯೋರು ನಾವಲ್ಲ. ತೊಗಲು ಹದ ಮಾಡೋದರಲ್ಲಿ ರಸಾಯನಶಾಸ್ತ್ರವಿದೆ. ಪಠ್ಯಪುಸ್ತಕದ ಮುಖ ನೋಡದ ನಮ್ಮ ಅಜ್ಜಂದಿರು ಅದನ್ನು ಬಲ್ಲವರಾಗಿದ್ದರು. ಆದರೆ ನಮ್ಮ ಹಳ್ಳಿಗಳಲ್ಲಿ ಕುಂಬಾರ ಅನ್ನೋದು ಕಸುಬಿನ ಹೆಸರಷ್ಟೇ ಅಲ್ಲ, ಜಾತಿಯ ಹೆಸರು. ಶ್ರಮದ ವಿಭಜನೆ ಬೇರೆ, ಶ್ರಮಿಕರ ವಿಭಜನೆ ಬೇರೆ ಅಂತ ಅಂಬೇಡ್ಕರ್ 1936ರಲ್ಲೇ ಬಿಡಿಸಿ ತೋರಿಸಿದ್ದಾರೆ. ನೀತಿ ಬರೆದವರ ಬಾಯಲ್ಲಿ ಚಮ್ಮಾರನ ಹೆಸರು ಯಾಕೆ ಬರಲಿಲ್ಲ? 'ಮುಂತಾದವರು' ಅನ್ನೋದರ ಒಳಗೆ ಅವನೂ ಮುದುಡಿ ಕೂತಿರಬಹುದು. ಅವನ ಗುಡಿಸಲಿಗೆ ಕೆಲಸ ಕಲಿಯೋಕೆ ಅಗ್ರಹಾರದ ಹುಡುಗ ಬರ್ತಾನೋ, ಅವನ ಮಗನನ್ನೇ ವಾಪಸು ಕಳಿಸ್ತಾರೋ?

ಈ ಅನುಮಾನ ಇಂದಿನದಲ್ಲ. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ, ಪ್ರಾಥಮಿಕ ಶಾಲೆಯ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಪಾಠ ಸಾಕು, ಉಳಿದ ಹೊತ್ತು ಅಪ್ಪನ ಕಸುಬು ಕಲೀಲಿ ಅಂದರು. ಇದು ಕುಲಕಸುಬಿನ ಶಿಕ್ಷಣ ಅಂತ ಪೆರಿಯಾರ್ ಬೀದಿಗಿಳಿದರು. 1954ರಲ್ಲಿ ಕಾಮರಾಜ್ ಮುಖ್ಯಮಂತ್ರಿಯಾದ ಮೇಲೆ ಅದು ರದ್ದಾಯಿತು.

ಜಾತಿ ನೋಡಿ ಮಕ್ಕಳಿಗೆ ಕೆಲಸ ಹಂಚೋದಕ್ಕೆ ನೀತಿಯೂ ಬೇಕಾಗಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದರು. ಮಲ ಬಾಚುವ ಕೆಲಸಕ್ಕೆ ಮನುಷ್ಯರನ್ನು ಹಚ್ಚಬಾರದು ಅನ್ನೋ ಕಾನೂನು ಬಂದು ಆಗಲೇ ಹತ್ತು ವರ್ಷ. ಆ ಕಾನೂನು 2013ರದು. ಶುಚಿತ್ವ ಅನ್ನೋ ಕೌಶಲ ನಮ್ಮ ಮಕ್ಕಳ ಪಾಲಿಗೆ ಬರೋದು ಹೀಗೆ.

ನಾವು ಕೇಳೋ ಕೌಶಲ ದೊಡ್ಡದೇನಲ್ಲ. ಹತ್ತನೇ ತರಗತಿ ದಾಟುವ ಹೊತ್ತಿಗೆ ಹಟ್ಟಿಯ ಹುಡುಗಿಗೆ ಪಹಣಿ ಓದೋಕೆ ಬರಬೇಕು. ವಿದ್ಯಾರ್ಥಿವೇತನ ಯಾಕೆ ಬರಲಿಲ್ಲ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಕೆ ಬರಬೇಕು. ಹದಿನೇಳನೇ ವಿಧಿ ಏನು ಹೇಳುತ್ತೆ ಅಂತ ಗೊತ್ತಿರಬೇಕು. ಹುಕುಂ ಮಾಡಿದವರ ಮುಖ ನೋಡಿ "ಇಳಿಯಲ್ಲ ಸಾರ್" ಅನ್ನೋಕೆ ಬರಬೇಕು.

ಹಾಗಂದ ಮಗುವಿನ ವರ್ಗಾವಣೆ ಪತ್ರದಲ್ಲಿ, 'ನಡತೆ' ಅನ್ನೋ ಕಾಲಂ ಎದುರಿಗೆ ಏನು ಬರೀತೀರಿ, ಮೇಷ್ಟ್ರೇ?