ಒದ್ದೆ ಗೋಣಿಚೀಲದ ಅತಿಕೀರ್ತಿ

1944ರ ಏಪ್ರಿಲ್ 14ರ ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರ ನೆನಪಿಗೆ ಪ್ರತಿವರ್ಷ ನಡೆಯುವ ಅಗ್ನಿಶಾಮಕ ಸಪ್ತಾಹದಲ್ಲಿ, ಉರಿಯುವ ಸಿಲಿಂಡರಿಗೆ ಒದ್ದೆ ಗೋಣಿಚೀಲ ಹೊದಿಸಿ ಬೆಂಕಿ ನಂದಿಸುವ ಪ್ರಾತ್ಯಕ್ಷಿಕೆಯದೇ ಮುಖ್ಯ ಆಕರ್ಷಣೆ. ಮನೆಯ ಬೆಂಕಿಯಿಂದ ಜೀವ ಉಳಿಸುವ ಶಿಕ್ಷಣವೆಂದು ಅದಕ್ಕೆ ಬಂದಿರುವ ಹೆಸರು ಅದರ ಯೋಗ್ಯತೆಯನ್ನು ಮೀರಿದ್ದು.

ಆ ಪ್ರದರ್ಶನ ನಡೆಯುವುದು ಹಗಲಿನಲ್ಲಿ, ಬಯಲಿನಲ್ಲಿ. ಚೀಲ ಮೊದಲೇ ನೆನೆದು ಸಿದ್ಧವಾಗಿರುತ್ತದೆ, ಅನಿಲ ಹೊರಬಿದ್ದಲ್ಲೇ ಉರಿಯುತ್ತದೆ, ಹೊಗೆ ಆಕಾಶಕ್ಕೆ ಹೋಗುತ್ತದೆ. ಮುಚ್ಚಿದ ಅಡುಗೆಮನೆಯ ಸ್ಥಿತಿ ಬೇರೆ. ಎಲ್‌ಪಿಜಿ, ಅಂದರೆ ಒತ್ತಡದಿಂದ ದ್ರವವಾಗಿಸಿದ ಅಡುಗೆ ಅನಿಲ, ಗಾಳಿಗಿಂತ ಭಾರವಾದ್ದರಿಂದ ರಾತ್ರಿ ಸೋರಿದ್ದು ನೆಲದ ಮೇಲೆ ಹರಡಿಕೊಂಡು, ಬೆಳಗಿನ ಜಾವ ದೀಪದ ಸ್ವಿಚ್ ಒತ್ತಿದಾಗ ಏಳುವ ಕಿಡಿಗೆ ಒಮ್ಮೆಗೇ ಹೊತ್ತಿಕೊಳ್ಳಬಲ್ಲದು. ಆಗ ಗೋಣಿಚೀಲಕ್ಕೆ ಕೆಲಸವೇ ಇಲ್ಲ. ವಾಸನೆ ಬಂದೊಡನೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಬರುವುದೇ ಅಲ್ಲಿ ಕಲಿಯಬೇಕಾದದ್ದು. ನೋಡುವುದಕ್ಕೆ ಅದರಲ್ಲಿ ಏನೂ ಇಲ್ಲದ್ದರಿಂದ ಅದು ಹಿಂದೆ ಬೀಳುತ್ತದೆ. ಪ್ರಾತ್ಯಕ್ಷಿಕೆ ಸಿಲಿಂಡರಿನ ಭಯವನ್ನು ತಗ್ಗಿಸುತ್ತದೆಂಬುದು ನಿಜ, ಆದರೆ ಮಲಗಿದವರನ್ನು ಕೊಲ್ಲುವುದು ಹೆಚ್ಚಾಗಿ ಉರಿಯಲ್ಲ, ಹೊಗೆ. ಹೊಗೆ ಕಂಡೊಡನೆ ಕೂಗುವ ಅಲಾರಂ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಪ್ರತಿ ದುರಂತದ ನಂತರ ಜನರ ಅಜಾಗರೂಕತೆಯನ್ನೇ ದೂರುವ ಬರಹಗಾರರ ವಾದವಂತೂ ಒಪ್ಪತಕ್ಕದ್ದಲ್ಲ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ಮಹಿಳೆಯರು ಬೆಂಕಿಗೆ ಬಲಿಯಾದಾಗ, ಒಬ್ಬರು ಬಾಲ್ಕನಿಯವರೆಗೂ ಬಂದಿದ್ದರು. ಅವರನ್ನು ತಡೆದದ್ದು ಕಬ್ಬಿಣದ ಗ್ರಿಲ್, ಅಜ್ಞಾನವಲ್ಲ. ಕಳ್ಳರ ಭಯಕ್ಕೆ ಗ್ರಿಲ್ ಅನಿವಾರ್ಯವೆನ್ನುವವರು, ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಪುಟ್ಟ ಬಾಗಿಲನ್ನು ಅದರಲ್ಲೇ ಇಡಬಹುದೆಂಬುದನ್ನು ಏಕೆ ಪರಿಗಣಿಸುವುದಿಲ್ಲ?

ಹೊರಬರುವ ದಾರಿ ಮುಚ್ಚುವುದು ಗ್ರಿಲ್ ಒಂದೇ ಅಲ್ಲ. 1898ರ ಪ್ಲೇಗಿನ ಬಳಿಕ ಗಾಳಿ ಬೆಳಕಿಗೆಂದೇ ರೂಪುಗೊಂಡ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಕಸ ಮತ್ತು ಮಲ ಸಾಗಿಸುವ ಓಣಿ, ಇದ್ದುದರಿಂದ ಹಿತ್ತಿಲ ಬಾಗಿಲು ಎರಡನೆಯ ದಾರಿಯೂ ಆಗಿತ್ತು. ಅಂಥ ಮನೆ ಕೆಡವಿ ಕಟ್ಟಿದ ಮೂರು ಅಂತಸ್ತಿನ ಕಟ್ಟಡದಲ್ಲಿ ಬಹುಪಾಲು ಒಂದೇ ಮೆಟ್ಟಿಲು, ಅದರ ಕೆಳಗೆ ಸಾಲು ಮೀಟರು, ಸ್ಕೂಟರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಬಹುಮಹಡಿಯೆಂದು ಎಣಿಸುವುದು 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದನ್ನು. ಈ ಕಟ್ಟಡಗಳು ಆ ಬಿಗಿಯಾದ ಕಟ್ಟುಪಾಡಿಗೆ ಸಿಗುವುದೇ ಇಲ್ಲ. ಮುಂದಿನ ಸಪ್ತಾಹದಲ್ಲಿ ಇಲಾಖೆಯವರು ಗೋಣಿಚೀಲವನ್ನು ಬದಿಗಿಟ್ಟು, ಬೀದಿಯ ಒಂದೊಂದು ಮನೆಗೂ ಹೋಗಿ ಗ್ರಿಲ್ ಒಳಗಿನಿಂದ ತೆರೆಯುತ್ತದೆಯೇ ಎಂದು ನೋಡಲಿ.